ಹಂದಿ ತೋರಿಸಿದಾಗ ಕುಣಿದರು, ಊರ ಕತೆ ಹೇಳಿದಾಗ ಎದ್ದು ಹೋದರು

2001ರಲ್ಲಿ ಬಂದ ಮೊದಲ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. 2003ರ ಸೆಪ್ಟೆಂಬರಿನಲ್ಲಿ ಬಂದ ಎರಡನೆಯದು 10ನೇ ಸ್ಥಾನದಲ್ಲೇ ನಿಂತಿತು. ಮೊದಲನೆಯದರ ಒಂದು ಹಾಡು ಕ್ಲಬ್ಬುಗಳಲ್ಲಿ, ಟಿವಿಯಲ್ಲಿ ಎಲ್ಲರನ್ನೂ ಕುಣಿಸಿತು. ಎರಡನೆಯದರಲ್ಲಿ ಹಾಗೆ ಕುಣಿಸಿದ ಹಾಡು ಒಂದೂ ಇಲ್ಲ. ಇಷ್ಟು ಕೇಳಿದರೆ ಯಾರು ಬೇಕಾದರೂ ತೀರ್ಪು ಕೊಟ್ಟುಬಿಡುತ್ತಾರೆ: ಹುಡುಗ ಮೊದಲ ಸಲ ಗೆದ್ದ, ಎರಡನೇ ಸಲ ಬಿದ್ದ.

ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಈ ತೀರ್ಪು ತಲೆಕೆಳಗಾಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಾಲು ಒಳ್ಳೆಯ ಆಲ್ಬಂ. ಹಾಗಿದ್ದರೆ ಕೇಳುಗರಿಗೆ ಏನಾಗಿತ್ತು? ಹಳ್ಳಿಯ ಸುದ್ದಿ ಬರೆಯುವುದನ್ನೇ ಓದಿ ಬಂದ ನಾವು ಈ ಪ್ರಶ್ನೆಯನ್ನು ಸುಮ್ಮನೆ ಬಿಡಬಾರದು. ಯಾಕೆಂದರೆ ಇದು ರ‍್ಯಾಪ್‌ನ ಕತೆಯಷ್ಟೇ ಅಲ್ಲ. ಹಳ್ಳಿಯವನ ಬಾಯಿಂದ ಪೇಟೆ ಏನನ್ನು ಕೇಳಲು ತಯಾರಿದೆ, ಏನನ್ನು ಕೇಳಲು ತಯಾರಿಲ್ಲ ಎಂಬ ಕತೆ.

ಹಾಡುಗಾರನ ಹೆಸರು ಬಬ್ಬಾ ಸ್ಪಾರ್ಕ್ಸ್. ಹುಟ್ಟುಹೆಸರು ವಾರೆನ್ ಆಂಡರ್ಸನ್ ಮ್ಯಾಥಿಸ್. 1977ರಲ್ಲಿ ಹುಟ್ಟಿದವ. ಊರು ಜಾರ್ಜಿಯಾ ರಾಜ್ಯದ ಟ್ರೂಪ್ ಕೌಂಟಿಯ ಲಾಗ್ರೇಂಜ್ ಕಡೆ. ಅಟ್ಲಾಂಟಾ ನಗರದಿಂದ ನೈಋತ್ಯಕ್ಕೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ, ಅಲಬಾಮಾ ಗಡಿಗೆ ಹತ್ತಿರ. ಹತ್ತಿ ಗಿರಣಿಗಳನ್ನು ನಂಬಿ ಬೆಳೆದ ಸೀಮೆ ಅದು. ಅಪ್ಪ ಶಾಲಾ ಬಸ್ಸಿನ ಚಾಲಕ, ಅಮ್ಮ ದಿನಸಿ ಅಂಗಡಿಯ ಕ್ಯಾಷಿಯರ್. ಬಿಳಿಯ ಮನೆತನ, ಆದರೆ ಕಿವಿಗೆ ಬಿದ್ದದ್ದು ಕರಿಯರ ಸಂಗೀತ.

'ಬಬ್ಬಾ' ಅನ್ನುವ ಹೆಸರೇ ಒಂದು ಕತೆ ಹೇಳುತ್ತದೆ. ಅಮೆರಿಕದ ದಕ್ಷಿಣದ ಮನೆಗಳಲ್ಲಿ ಅಣ್ಣನನ್ನೋ ತಮ್ಮನನ್ನೋ ಮುದ್ದಿನಿಂದ ಕರೆಯುವ ಹೆಸರದು. ಪೇಟೆಯವರ ಬಾಯಲ್ಲಿ ಅದೇ ಪದಕ್ಕೆ ಗಮಾರ ಎಂಬ ಅರ್ಥ ಬಂದುಬಿಡುತ್ತದೆ. ಮನೆಯಲ್ಲಿ ಪ್ರೀತಿ, ಪೇಟೆಯಲ್ಲಿ ಬೈಗುಳ. ಆ ಹೆಸರನ್ನು ಎದೆ ಮೇಲೆ ಬರೆದುಕೊಂಡೇ ಈತ ಹೊರಟ.

ಮೊದಲ ಆಲ್ಬಂ 'ಡಾರ್ಕ್ ಡೇಸ್, ಬ್ರೈಟ್ ನೈಟ್ಸ್' ಮೊದಲಿಗೆ ದೊಡ್ಡ ಕಂಪನಿಯ ಹಂಗಿಲ್ಲದೆ ದಕ್ಷಿಣದಲ್ಲೇ ಓಡಾಡಿತ್ತು. ಇಂಟರ್‌ಸ್ಕೋಪ್ ಕಂಪನಿಯ ಕಣ್ಣಿಗೆ ಬಿದ್ದ ಮೇಲೆ ಅದರ ನಸೀಬು ಬದಲಾಯಿತು. ಆ ಕಾಲದ ಬಹು ಬೇಡಿಕೆಯ ನಿರ್ಮಾಪಕ, ವರ್ಜೀನಿಯಾದ ಟಿಂಬಲ್ಯಾಂಡ್ ತನ್ನ ಬೀಟ್ ಕ್ಲಬ್ ಲೇಬಲ್ಲಿಗೆ ಇವನನ್ನು ಸೇರಿಸಿಕೊಂಡ. ಹೊಸ ಹಾಡುಗಳು ಸೇರಿದವು. ಅವುಗಳಲ್ಲೊಂದು 'ಅಗ್ಲಿ'. ಕುರೂಪ ಎಂದು ಅರ್ಥ. ಅದರ ವಿಡಿಯೋದಲ್ಲಿ ಹಂದಿಗಳಿದ್ದವು, ಕೆಸರಿತ್ತು, ಟ್ರಾಕ್ಟರ್ ಇತ್ತು. ಇಂಟರ್‌ಸ್ಕೋಪ್‌ನದೇ ಇನ್ನೊಬ್ಬ ಬಿಳಿಯ ರ‍್ಯಾಪರ್ ಎಮಿನೆಮ್ ಆಗ ಜಗತ್ತನ್ನೇ ಆಳುತ್ತಿದ್ದ. ಅವನು ಡೆಟ್ರಾಯ್ಟ್ ಪೇಟೆಯ ಹುಡುಗ, ಇವನು ಹಳ್ಳಿಯ ಹುಡುಗ. ಮಾರುಕಟ್ಟೆಗೆ ಇಷ್ಟು ಸಾಕು. ಹಂದಿಗಳ ನಡುವೆ ರ‍್ಯಾಪ್ ಹೇಳುವ ದಪ್ಪ ಬಿಳಿಯ ಹುಡುಗನನ್ನು ನೋಡಿ ಜನ ನಕ್ಕರು, ಕುಣಿದರು, ದುಡ್ಡು ಕೊಟ್ಟು ಕೊಂಡರು.

ಹಾಡು ಕೆಟ್ಟದ್ದು ಅನ್ನುತ್ತಿಲ್ಲ. ತಾಳ ಇವತ್ತಿಗೂ ಮೈ ಕುಣಿಸುತ್ತದೆ. ತಮ್ಮನ್ನು ಹೀಯಾಳಿಸುವ ಪದವನ್ನು ತಾವೇ ಎತ್ತಿಕೊಂಡು ಹಾಡುವುದರಲ್ಲಿ ಒಂದು ಧೈರ್ಯವೂ ಇದೆ. ಆದರೆ ಆ ಹಾಡನ್ನು ಮೆಚ್ಚುವುದಕ್ಕೆ ಕೇಳುಗ ತನ್ನ ಹಳೆಯ ಕಲ್ಪನೆಯಲ್ಲಿ ಒಂದನ್ನೂ ಬದಲಿಸಿಕೊಳ್ಳಬೇಕಿರಲಿಲ್ಲ. ಹಳ್ಳಿ ಅಂದರೆ ಕೆಸರು ಅಂದುಕೊಂಡಿದ್ದವನಿಗೆ ಕೆಸರೇ ಸಿಕ್ಕಿತು.

ಇನ್ನು ಎರಡನೆಯದು. ಹೆಸರು 'ಡಿಲಿವರೆನ್ಸ್', ಬಿಡುಗಡೆ ಎಂದು ಅರ್ಥ. ಧಾರ್ಮಿಕವಾದ ಪದ. ದಕ್ಷಿಣದ ಚರ್ಚುಗಳಲ್ಲಿ, ಕರಿಯರ ಚರ್ಚು ಬಿಳಿಯರ ಚರ್ಚು ಎನ್ನದೆ ಎರಡೂ ಕಡೆ ಪಾದ್ರಿಗಳ ಬಾಯಲ್ಲಿ ಬರುವ ಪದ. ಆದರೆ ಜಾರ್ಜಿಯಾದಲ್ಲಿ ಆ ಪದಕ್ಕೆ ಇನ್ನೊಂದು ನೆರಳಿದೆ. 1970ರಲ್ಲಿ ಜೇಮ್ಸ್ ಡಿಕ್ಕಿ ಇದೇ ಹೆಸರಿನ ಕಾದಂಬರಿ ಬರೆದರು. 1972ರಲ್ಲಿ ಜಾನ್ ಬೂರ್‌ಮನ್ ಅದನ್ನು ಸಿನಿಮಾ ಮಾಡಿದರು. ಅಟ್ಲಾಂಟಾದ ನಾಲ್ವರು ಪೇಟೆಯ ಗಂಡಸರು ಬೆಟ್ಟದ ಸೀಮೆಯ ಹೊಳೆಯಲ್ಲಿ ದೋಣಿ ನಡೆಸಲು ಹೋಗುತ್ತಾರೆ. ಅಲ್ಲಿನ ಹಳ್ಳಿಯವರ ಕೈಗೆ ಸಿಕ್ಕಿ ನರಕ ಕಾಣುತ್ತಾರೆ. ಸಿನಿಮಾ ದೊಡ್ಡ ಯಶಸ್ಸು ಕಂಡಿತು. ಜೊತೆಗೆ ಬ್ಯಾಂಜೋ ನುಡಿಸುವ ಹಳ್ಳಿಯ ಹುಡುಗನೊಬ್ಬನ ಚಿತ್ರವನ್ನು ಅಮೆರಿಕದ ತಲೆಯಲ್ಲಿ ಅಚ್ಚೊತ್ತಿತು. ಆಮೇಲೆ ಎಷ್ಟೋ ವರ್ಷ ಬ್ಯಾಂಜೋದ ನಾಲ್ಕು ಸ್ವರ ಕೇಳಿಸಿದರೆ ಸಾಕು, 'ಹುಷಾರು, ಹಳ್ಳಿಯವರು ಬಂದರು' ಎಂದು ನಗುವ ಅಭ್ಯಾಸವಾಯಿತು. ಚಿತ್ರೀಕರಣ ನಡೆದ ಉತ್ತರ ಜಾರ್ಜಿಯಾದ ರೇಬನ್ ಕೌಂಟಿಯ ಜನರಲ್ಲಿ ಅನೇಕರಿಗೆ ಆ ನೋವು ಹೋಗಲಿಲ್ಲ.

ಅದೇ ರಾಜ್ಯದ ಹಳ್ಳಿಯ ಹುಡುಗ ಮೂವತ್ತು ವರ್ಷದ ನಂತರ ಅದೇ ಹೆಸರನ್ನು ತನ್ನ ಆಲ್ಬಮ್ಮಿಗೆ ಇಟ್ಟ. ಒಳಗೆ ಬ್ಯಾಂಜೋ ಇದೆ, ಪಿಟೀಲು ಇದೆ, ಹಾರ್ಮೋನಿಕಾ ಇದೆ. ಆದರೆ ಇಲ್ಲಿ ಬ್ಯಾಂಜೋ ಹೆದರಿಸುವುದಕ್ಕೂ ಇಲ್ಲ, ನಗಿಸುವುದಕ್ಕೂ ಇಲ್ಲ. ಊರಲ್ಲಿ ಸಂಜೆ ಕೇಳಿಸುತ್ತಿದ್ದ ಸಂಗೀತವಾಗಿ ಇದೆ. 'ಕಮಿನ್ ರೌಂಡ್' ಎಂಬ ಹಾಡಿಗೆ ಯಾಂಡರ್ ಮೌಂಟನ್ ಸ್ಟ್ರಿಂಗ್ ಬ್ಯಾಂಡ್ ಎಂಬ ಬ್ಲೂಗ್ರಾಸ್ ತಂಡದ ತಂತಿವಾದ್ಯದ ತುಣುಕನ್ನು ತೆಗೆದುಕೊಂಡು ಅದರ ಕೆಳಗೆ ಟಿಂಬಲ್ಯಾಂಡ್ ತನ್ನ ಡ್ರಮ್ ಕೂರಿಸಿದ. ಎರಡೂ ಒಂದೇ ಹೊಲದಲ್ಲಿ ಬೆಳೆದ ಹಾಗೆ ಕೇಳಿಸುತ್ತವೆ. 'ಜಿಮ್ಮಿ ಮ್ಯಾಥಿಸ್' ಎಂಬ ಹಾಡಿನಲ್ಲಿ ತನ್ನ ಮನೆತನದ ಹೆಸರನ್ನೇ ಶೀರ್ಷಿಕೆ ಮಾಡಿಕೊಂಡು ಹಾರ್ಮೋನಿಕಾದ ಮೇಲೆ ಓಡುತ್ತಾನೆ. 'ನೋವೇರ್' ಎಲ್ಲೂ ಇಲ್ಲದ ಜಾಗದಿಂದ ಬಂದವನ ಹಾಡು. 'ಶೀ ಟ್ರೈಡ್' ಕೈತಪ್ಪಿ ಹೋದ ಪ್ರೀತಿಯ ಬಗ್ಗೆ, ಅದರಲ್ಲಿ ತನ್ನ ಪಾಲಿನ ತಪ್ಪಿನ ಬಗ್ಗೆ. ಶೀರ್ಷಿಕೆ ಹಾಡಿನಲ್ಲಿ ದಾರಿ ನಡೆದು ನಡೆದು ದಣಿದವನ ದನಿ ಇದೆ. ಅಟ್ಲಾಂಟಾದ ಆರ್ಗನೈಝ್ಡ್ ನಾಯ್ಸ್ ತಂಡವೂ ಈ ಆಲ್ಬಮ್ಮಿಗೆ ಕೆಲಸ ಮಾಡಿದೆ. ಔಟ್‌ಕ್ಯಾಸ್ಟ್ ಜೋಡಿಯ ಮೊದಲ ಆಲ್ಬಮ್ಮನ್ನು ಕಟ್ಟಿದವರು ಇವರೇ.

ಇದನ್ನು ಕೇಳಿದ ಜನ ಏನಂದರು? ಆಗಲೂ ಆಮೇಲೂ ಬಂದ ಮಾತುಗಳನ್ನು ರಾಶಿ ಹಾಕಿದರೆ ನಾಲ್ಕು ಬಗೆಯ ಕೇಳುಗರು ಕಾಣುತ್ತಾರೆ.

ಮೊದಲನೆಯವರು 'ಅಗ್ಲಿ'ಯಿಂದ ಬಂದವರು. ಇವರಿಗೆ ಇನ್ನೊಂದು 'ಅಗ್ಲಿ' ಬೇಕಿತ್ತು. ಶನಿವಾರ ರಾತ್ರಿ ಕುಣಿಯಲು ಬಂದವರ ಮುಂದೆ ಭಾನುವಾರ ಬೆಳಗಿನ ಮನಸ್ಥಿತಿ ಇಟ್ಟರೆ ಹೇಗೆ? 'ಗಂಭೀರವಾಗಿಬಿಟ್ಟ' ಅಂದರು, ಹೊರಟುಹೋದರು.

ಎರಡನೆಯವರು ಕಟ್ಟಾ ರ‍್ಯಾಪ್ ಅಭಿಮಾನಿಗಳು. ಇವನ ಮಾತಿನ ಓಟವನ್ನು, ಪ್ರಾಸ ಕಟ್ಟುವ ಕೈಚಳಕವನ್ನು ಇವರು ಒಪ್ಪಿದರು. ಆದರೆ ಪಿಟೀಲು ಬಂದ ಕೂಡಲೇ ಹುಬ್ಬು ಗಂಟಿಕ್ಕಿತು. ಅದು ಬಿಳಿಯರ ಗೊಡವೆ, ನಮಗೇಕೆ ಎಂಬ ಅನುಮಾನ.

ಮೂರನೆಯವರು ವಿಮರ್ಶಕರು ಮತ್ತು ಅವರನ್ನು ಓದಿ ಕೇಳುವವರು. ಇವರು ಹೊಗಳಿದರು, ಆ ವರ್ಷದ ಒಳ್ಳೆಯ ಆಲ್ಬಮ್ಮುಗಳ ಸಾಲಿಗೆ ಸೇರಿಸಿದರು. ಆದರೆ ಆ ಹೊಗಳಿಕೆಯನ್ನು ಸ್ವಲ್ಪ ಕೆದಕಿ ನೋಡಿ. ಅದರ ಬಹುಪಾಲು ಟಿಂಬಲ್ಯಾಂಡ್‌ನ ಪ್ರಯೋಗಕ್ಕೆ. ಬ್ಯಾಂಜೋವನ್ನೂ ರ‍್ಯಾಪನ್ನೂ ಮದುವೆ ಮಾಡಿಸಿದ ಎಂಬ ಅಚ್ಚರಿಗೆ. ಹಳ್ಳಿಯವನು ಅವರಿಗೆ ಪ್ರಯೋಗದ ವಸ್ತುವಾದ. ಮಾತಾಡುತ್ತಿದ್ದವನು ಅವನೇ ಎಂಬುದು ಬದಿಗೆ ಸರಿಯಿತು.

ನಾಲ್ಕನೆಯವರ ಮಾತು ನಮಗೆ ಕೇಳಿಸುವುದೇ ಇಲ್ಲ. ಯಾಕೆಂದರೆ ಅವರಿಗೆ ಆಲ್ಬಂ ತಲುಪಲೇ ಇಲ್ಲ. ಬ್ಯಾಂಜೋ ಕೇಳಿ ಬೆಳೆದ, ಹಳ್ಳಿಗಳಲ್ಲೇ ಇದ್ದ, ಕಂಟ್ರಿ ಸಂಗೀತದ ರೇಡಿಯೋ ಹಾಕಿಕೊಂಡು ಟ್ರಕ್ಕು ಓಡಿಸುವ ಜನ. ಈ ಹಾಡುಗಳ ಒಳಗಿನ ಮನೆ, ರಸ್ತೆ, ಕೆಲಸ, ಸಾಲ ಎಲ್ಲವೂ ಯಾರದ್ದೋ ಅವರಿಗೇ ಹಾಡು ಮುಟ್ಟಲಿಲ್ಲ.

ಯಾಕೆ ಮುಟ್ಟಲಿಲ್ಲ ಅನ್ನುವುದನ್ನು ತಿಳಿಯಲು ಎಂಬತ್ತು ವರ್ಷ ಹಿಂದೆ ಹೋಗಬೇಕು. 1923ರ ಜೂನಿನಲ್ಲಿ ಓಕೆ ರೆಕಾರ್ಡ್ಸ್ ಕಂಪನಿಯ ರಾಲ್ಫ್ ಪೀರ್ ಇದೇ ಅಟ್ಲಾಂಟಾಕ್ಕೆ ಬಂದು ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡನ್ನು ಧ್ವನಿಮುದ್ರಿಸಿದ. ಕಂಟ್ರಿ ಸಂಗೀತದ ವ್ಯಾಪಾರ ಶುರುವಾದದ್ದೇ ಅಲ್ಲಿಂದ ಅನ್ನುವವರಿದ್ದಾರೆ. ಆ ಕಾಲದಲ್ಲಿ ದಕ್ಷಿಣದ ಹಳ್ಳಿಗಳಲ್ಲಿ ಕರಿಯರೂ ಬಿಳಿಯರೂ ಒಬ್ಬರ ಹಾಡನ್ನು ಇನ್ನೊಬ್ಬರು ಕಲಿಯುತ್ತಿದ್ದರು. ಬ್ಯಾಂಜೋ ಬಂದದ್ದೇ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೈಯಲ್ಲಿ, ನೆನಪಿನಲ್ಲಿ. ಆದರೆ ರೆಕಾರ್ಡ್ ಕಂಪನಿಗಳು ಮಾರುವಾಗ ಎರಡು ಪಟ್ಟಿ ಮಾಡಿದವು. ಕರಿಯರು ಹಾಡಿದರೆ 'ರೇಸ್ ರೆಕಾರ್ಡ್ಸ್', ಬಿಳಿಯ ಹಳ್ಳಿಗರು ಹಾಡಿದರೆ 'ಹಿಲ್‌ಬಿಲಿ'. ಒಂದೇ ಊರಿನ ಸಂಗೀತಕ್ಕೆ ಎರಡು ಕಪಾಟು. ಪಟ್ಟಿಯ ಹೆಸರುಗಳು ಆಮೇಲೆ ಬದಲಾದವು, ಕಪಾಟುಗಳು ಬದಲಾಗಲಿಲ್ಲ.

1996ರಲ್ಲಿ ಅಮೆರಿಕ ಹೊಸ ದೂರಸಂಪರ್ಕ ಕಾಯ್ದೆ ತಂದಿತು. ಒಂದು ಕಂಪನಿ ಇಷ್ಟೇ ರೇಡಿಯೋ ಕೇಂದ್ರ ಇಟ್ಟುಕೊಳ್ಳಬೇಕು ಎಂಬ ದೇಶಮಟ್ಟದ ಮಿತಿ ಹೋಯಿತು. ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ ಕೆಲವೇ ವರ್ಷಗಳಲ್ಲಿ ಸುಮಾರು 1,200 ಕೇಂದ್ರಗಳ ಒಡೆಯನಾಯಿತು. ಊರಿನ ಡಿಜೆ ತನಗೆ ಇಷ್ಟವಾದದ್ದನ್ನು ಹಾಕುವ ಕಾಲ ಮುಗಿಯುತ್ತಾ ಬಂತು. ಯಾವ ಕೇಂದ್ರದಲ್ಲಿ ಏನು ಬರಬೇಕು ಎಂಬುದು ದೂರದ ಕಚೇರಿಯಲ್ಲಿ ತೀರ್ಮಾನವಾಗತೊಡಗಿತು. ರ‍್ಯಾಪ್ ಕೇಂದ್ರಕ್ಕೆ ಬ್ಯಾಂಜೋ ಆಗದು, ಕಂಟ್ರಿ ಕೇಂದ್ರಕ್ಕೆ ರ‍್ಯಾಪ್ ಆಗದು. ಇಂಥ ಹೊತ್ತಿನಲ್ಲಿ ಎರಡೂ ಇರುವ ಆಲ್ಬಂ ಬಂದರೆ ಎಲ್ಲಿ ಇಡುತ್ತೀರಿ? ಎಲ್ಲೂ ಇಡಲಿಲ್ಲ.

ಹಾಗಾಗಿ 'ಕೇಳುಗರು ತಿರಸ್ಕರಿಸಿದರು' ಅನ್ನುವ ಮಾತಿನಲ್ಲಿ ಅರ್ಧ ಸುಳ್ಳಿದೆ. ತಿರಸ್ಕರಿಸಬೇಕಾದರೆ ಮೊದಲು ಕೇಳಬೇಕಲ್ಲ? ಅಭಿಪ್ರಾಯ ಅನ್ನುವುದು ಕಿವಿಯಲ್ಲಿ ಹುಟ್ಟುವುದಕ್ಕೆ ಮೊದಲೇ ಕಪಾಟಿನಲ್ಲಿ ಹುಟ್ಟಿರುತ್ತದೆ.

ಇನ್ನೊಂದು ದುರದೃಷ್ಟವೂ ಇತ್ತು. 'ಡಿಲಿವರೆನ್ಸ್' ಬಂದ ಮುಂದಿನ ವಾರವೇ ಜಾರ್ಜಿಯಾದ್ದೇ ಇನ್ನೊಂದು ಆಲ್ಬಂ ಬಂತು. ಔಟ್‌ಕ್ಯಾಸ್ಟ್ ಜೋಡಿಯ 'ಸ್ಪೀಕರ್‌ಬಾಕ್ಸ್/ದ ಲವ್ ಬಿಲೋ'. ಅದು ಪಟ್ಟಿಯ ಮೇಲೆ ಕೂತಿತು, ಮುಂದೆ 2004ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನೂ ಗೆದ್ದಿತು. ದಕ್ಷಿಣದ ರ‍್ಯಾಪ್‌ನ ಬಗ್ಗೆ ಮಾತಾಡಬೇಕಿದ್ದವರೆಲ್ಲ ಅದರ ಬಗ್ಗೆಯೇ ಮಾತಾಡಿದರು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. 1995ರಲ್ಲಿ ನ್ಯೂಯಾರ್ಕಿನ ಸೋರ್ಸ್ ಪ್ರಶಸ್ತಿ ಸಮಾರಂಭದಲ್ಲಿ ಇದೇ ಔಟ್‌ಕ್ಯಾಸ್ಟ್‌ಗೆ ಹೊಸ ತಂಡದ ಪ್ರಶಸ್ತಿ ಬಂದಾಗ ಸಭೆ ಕೂಗಿ ಗೇಲಿ ಮಾಡಿತ್ತು. ಆಗ ಆಂದ್ರೆ 3000 ವೇದಿಕೆಯ ಮೇಲೆ ನಿಂತು, ದಕ್ಷಿಣಕ್ಕೂ ಹೇಳಲು ಮಾತಿದೆ ಎಂದು ಸಾರಿ ಇಳಿದುಬಂದ. ಅವರ ಎರಡನೇ ಆಲ್ಬಂ 'ಎಟಿಏಲಿಯನ್ಸ್' 1996ರಲ್ಲಿ ಬಂದು ಆ ಮಾತನ್ನು ನಿಜ ಮಾಡಿತು. ನ್ಯೂಯಾರ್ಕಿನ ಕಣ್ಣಿಗೆ ಅಟ್ಲಾಂಟಾವೇ ಆಗ ಹಳ್ಳಿ. ಎಂಟು ವರ್ಷದಲ್ಲಿ ಅಟ್ಲಾಂಟಾ ರ‍್ಯಾಪ್‌ನ ರಾಜಧಾನಿಯಾಯಿತು. ಆದರೆ ಅಟ್ಲಾಂಟಾ ಗೆದ್ದರೆ ಲಾಗ್ರೇಂಜ್ ಗೆದ್ದ ಹಾಗಾಗುತ್ತದೆಯೇ? ಪ್ರತಿ ಪೇಟೆಯ ಆಚೆಗೂ ಒಂದು ಹಳ್ಳಿ ಇರುತ್ತದೆ. ಪೇಟೆ ಮಾತು ಪಡೆದುಕೊಂಡ ದಿನ ಆ ಹಳ್ಳಿಯ ಸರದಿ ಬಂತು ಅಂದುಕೊಳ್ಳುತ್ತೇವೆ. ಅದು ತಾನಾಗಿ ಬರುವುದಿಲ್ಲ.

'ಬಿಳಿಯನಾದ್ದರಿಂದ ರ‍್ಯಾಪ್ ಲೋಕ ಒಪ್ಪಲಿಲ್ಲ, ಅಷ್ಟೇ' ಎಂದು ಕೆಲವರು ಹೇಳಬಹುದು. ಹಾಗಿದ್ದರೆ ನ್ಯಾಪಿ ರೂಟ್ಸ್ ತಂಡವನ್ನು ನೋಡಿ. ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಕಾಲೇಜು ಓದುತ್ತಾ ಕೂಡಿಕೊಂಡ ಕರಿಯ ಹುಡುಗರು. 2002ರ ಅವರ 'ವಾಟರ್‌ಮೆಲನ್, ಚಿಕನ್ ಅಂಡ್ ಗ್ರಿಟ್ಸ್' ಪ್ಲಾಟಿನಂ ಮುಟ್ಟಿತು. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ರವೆಯ ಗಂಜಿ, ದಕ್ಷಿಣದವರ ಬೆಳಗಿನ ಊಟ. ಕಲ್ಲಂಗಡಿ, ಕೋಳಿ ಅನ್ನುವುದು ಕರಿಯರನ್ನು ಹಂಗಿಸಲು ಬಳಸುತ್ತಿದ್ದ ಹಳೆಯ ಚಿತ್ರಗಳು. ಅವನ್ನೇ ಎತ್ತಿಕೊಂಡು ಇವರೂ ಹಾಡಿದರು, ಗೆದ್ದರು. ಅವರ ಮುಂದಿನ ಆಲ್ಬಂ 'ವುಡನ್ ಲೆದರ್' 2003ರ ಆಗಸ್ಟಿನಲ್ಲಿ, 'ಡಿಲಿವರೆನ್ಸ್'ಗಿಂತ ಕೆಲವೇ ವಾರ ಮೊದಲು ಬಂತು. ಅದು ಮೊದಲಿನ ಮಟ್ಟಕ್ಕೆ ಏರಲಿಲ್ಲ. ಒಬ್ಬ ಬಿಳಿಯ, ಒಂದು ಕರಿಯರ ತಂಡ. ಇಬ್ಬರೂ ಹಳ್ಳಿಯಿಂದ ಬಂದವರು, ಇಬ್ಬರೂ ಮೊದಲ ಸಲ ಗೆದ್ದವರು, ಇಬ್ಬರೂ ಒಂದೇ ಋತುವಿನಲ್ಲಿ ಎರಡನೇ ಸಲ ಕೆಳಗಿಳಿದವರು. ಬಣ್ಣದ ವಿಷಯ ಸುಳ್ಳಲ್ಲ. ಕರಿಯರು ಕಟ್ಟಿದ ಕಲೆಯಿಂದ ಬಿಳಿಯ ಹುಡುಗನಿಗೆ ಬೇಗ ಬಾಗಿಲು ತೆರೆಯುತ್ತದೆ ಎಂಬ ಕರಿಯ ಕೇಳುಗರ ಸಿಟ್ಟಿಗೆ ನೂರು ವರ್ಷದ ಕಾರಣಗಳಿವೆ. ಆದರೆ ಈ ಎರಡನೇ ಸಲದ ಇಳಿತಕ್ಕೆ ಅದೊಂದೇ ಕಾರಣವಲ್ಲ. ಹಳ್ಳಿ ಎಂಬ ಹೊಸ ರುಚಿ ಒಂದು ಸಲಕ್ಕೆ ಸಾಕಾಗಿತ್ತು.

ಆಲ್ಬಮ್ಮಿನಲ್ಲಿ ಕೊರತೆಯೇ ಇಲ್ಲವೇ? ಇದೆ. ಉದ್ದ ಹೆಚ್ಚಾಯಿತು, ಕೆಲವು ಹಾಡು ಕಡಿಮೆ ಮಾಡಿದ್ದರೆ ಗಟ್ಟಿಯಾಗುತ್ತಿತ್ತು. ಜಸ್ಟಿನ್ ಟಿಂಬರ್‌ಲೇಕ್ ದನಿಗೂಡಿಸಿದ 'ಹೂಟ್‌ನ್ಯಾನಿ' ಹಾಡು ಹಳೆಯ ಕೆಸರಿಗೇ ಮತ್ತೆ ಕಾಲಿಟ್ಟಂತಿದೆ. ಕಂಪನಿಯವರಿಗೆ ಒಂದು ಕುಣಿತದ ಹಾಡು ಬೇಕಿತ್ತೇನೋ ಅನ್ನಿಸುತ್ತದೆ. 'ನ್ಯೂ ಸೌತ್' ಹಾಡಿನಲ್ಲಿ ಹೊಸ ದಕ್ಷಿಣದ ಕನಸಿದೆ. ಆದರೆ ಹೊಸ ದಕ್ಷಿಣ ಎಂಬ ಘೋಷಣೆ ಜಾರ್ಜಿಯಾದಲ್ಲಿ ಹೊಸದೇನಲ್ಲ. ಅಂತರ್ಯುದ್ಧ ಮುಗಿದ ಮೇಲೆ 1880ರ ದಶಕದಲ್ಲಿ ಅಟ್ಲಾಂಟಾದ ಪತ್ರಕರ್ತ ಹೆನ್ರಿ ಗ್ರೇಡಿ ಅದೇ ಘೋಷಣೆ ಕೂಗಿ ಉತ್ತರದ ಬಂಡವಾಳ ಕರೆದಿದ್ದರು. ಕರಿಯರಿಗೆ ಆ ಹೊಸತನದಲ್ಲಿ ಪಾಲು ಸಿಗಲಿಲ್ಲ. ಆ ಪದ ಎತ್ತಿಕೊಳ್ಳುವವನು ಆ ಲೆಕ್ಕಕ್ಕೂ ಉತ್ತರ ಕೊಡಬೇಕು. ಬಬ್ಬಾ ಅಷ್ಟು ದೂರ ಹೋಗುವುದಿಲ್ಲ.

ಇಷ್ಟು ಕೊರತೆ ಇಟ್ಟುಕೊಂಡೂ ಇದು ಪೂರಾ ಮನುಷ್ಯನೊಬ್ಬ ಮಾತಾಡುವ ಆಲ್ಬಂ. ಅವನಿಗೆ ನಾಚಿಕೆ ಇದೆ, ಜಂಭ ಇದೆ, ಪಶ್ಚಾತ್ತಾಪ ಇದೆ, ಊರಿನ ಮೇಲೆ ಮೋಹ ಇದೆ, ಊರು ಬಿಡುವ ಆಸೆಯೂ ಇದೆ. ಮೊದಲ ಆಲ್ಬಮ್ಮಿನ ವಿಡಿಯೋದಲ್ಲಿ ಹಂದಿಗಳಿದ್ದವು, ಹಂದಿ ಸಾಕುವವರು ಇರಲಿಲ್ಲ. ಎರಡನೆಯದರಲ್ಲಿ ಅವರು ಬಂದಿದ್ದಾರೆ.

ಮುಂದೆ ಏನಾಯಿತು? ಬಬ್ಬಾ ಔಟ್‌ಕ್ಯಾಸ್ಟ್‌ನ ಬಿಗ್ ಬಾಯ್ ನಡೆಸುತ್ತಿದ್ದ ಪರ್ಪಲ್ ರಿಬ್ಬನ್ ಲೇಬಲ್ಲಿಗೆ ಹೋದ. 2006ರಲ್ಲಿ 'ದ ಚಾರ್ಮ್' ತಂದ. ಅದರಲ್ಲಿ 'ಮಿಸ್ ನ್ಯೂ ಬೂಟಿ' ಎಂಬ ಹಾಡಿತ್ತು. ಹುಡುಗಿಯರ ಹಿಂಭಾಗದ ಬಗ್ಗೆ ಒಂದು ಕ್ಲಬ್ ಹಾಡು. ಬಿಲ್‌ಬೋರ್ಡಿನ ಹಾಡುಗಳ ಪಟ್ಟಿಯಲ್ಲಿ 7ನೇ ಸ್ಥಾನ. ಅವನ ಬದುಕಿನ ದೊಡ್ಡ ಹಿಟ್ ಅದೇ. ಜಾರ್ಜಿಯಾದ ಹಳ್ಳಿ ಆ ಹಾಡಿನಲ್ಲಿ ಎಲ್ಲೂ ಇಲ್ಲ. ಅವನನ್ನು ದೂರುವುದು ಸುಲಭ. ಆದರೆ ಬಾಡಿಗೆ ಕಟ್ಟಬೇಕಾದ ಹಾಡುಗಾರ ಮಾರುಕಟ್ಟೆ ಕಲಿಸಿದ ಪಾಠವನ್ನು ಕಲಿಯದೆ ಇನ್ನೇನು ಮಾಡುತ್ತಾನೆ? 'ನಿನ್ನ ಊರಿನ ಕತೆಗೆ 10ನೇ ಸ್ಥಾನ, ಮೌನ. ಇದಕ್ಕೆ 7ನೇ ಸ್ಥಾನ, ದುಡ್ಡು.' ಕೇಳುಗರ ಅಭಿಪ್ರಾಯ ಅಂದರೆ ಇದೇ. ಅದು ಕೇವಲ ಇಷ್ಟವಾಯಿತು, ಇಷ್ಟವಾಗಲಿಲ್ಲ ಅನ್ನುವ ಮಾತಲ್ಲ. ಒಬ್ಬನಿಗೆ ಮುಂದೆ ಏನು ಹೇಳಲು ಅವಕಾಶವಿದೆ ಎಂದು ನಿರ್ಧರಿಸುವ ಕೈ.

ಬಿತ್ತಿದ್ದು ಸುಮ್ಮನೆ ಹೋಗುವುದಿಲ್ಲ, ಬೇರೆಯವರ ಹೊಲದಲ್ಲಾದರೂ ಮೊಳೆಯುತ್ತದೆ. ಜಾರ್ಜಿಯಾದವನೇ ಆದ ಕೋಲ್ಟ್ ಫೋರ್ಡ್ ಕಂಟ್ರಿ ರ‍್ಯಾಪ್ ಎಂಬ ಹೊಸ ಮಾರುಕಟ್ಟೆಯನ್ನೇ ಕಟ್ಟಿದ. ಅವನೂ ಬ್ರ್ಯಾಂಟ್ಲಿ ಗಿಲ್ಬರ್ಟ್ ಎಂಬಾತನೂ ಬರೆದ 'ಡರ್ಟ್ ರೋಡ್ ಆಂಥೆಮ್' ಹಾಡನ್ನು 2011ರಲ್ಲಿ ಜೇಸನ್ ಆಲ್ಡೀನ್ ಹಾಡಿ ಕಂಟ್ರಿ ರೇಡಿಯೋದಲ್ಲಿ ಗೆಲ್ಲಿಸಿದ. ಎಂಟು ವರ್ಷ ಹಿಂದೆ ಮುಚ್ಚಿದ್ದ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನಲ್ಲಿ ಒಳಗೆ ಹೋದ ಹಾಡುಗಳಲ್ಲಿ ಬಹಳಷ್ಟು ಮಣ್ಣಿನ ರಸ್ತೆ, ಟ್ರಕ್ಕು, ಬಿಯರು ಎಂದು ಪಟ್ಟಿ ಓದುವ ಹಾಡುಗಳು. ಹಂದಿಯ ಜಾಗಕ್ಕೆ ಟ್ರಕ್ಕು ಬಂತು, ಮನುಷ್ಯ ಮತ್ತೆ ಕಾಣೆಯಾದ.

ಆಮೇಲೆ 2019. ಮತ್ತೆ ಜಾರ್ಜಿಯಾ. ಲಿಲ್ ನ್ಯಾಸ್ ಎಕ್ಸ್ ಎಂಬ ಕರಿಯ ಹುಡುಗನ 'ಓಲ್ಡ್ ಟೌನ್ ರೋಡ್' ಬ್ಯಾಂಜೋದ ದನಿ ಹೊತ್ತು ಬಂತು. ಬಿಲ್‌ಬೋರ್ಡ್ ಅದನ್ನು ಮೊದಲು ಕಂಟ್ರಿ ಪಟ್ಟಿಗೆ ಸೇರಿಸಿ, ಆಮೇಲೆ ಇದರಲ್ಲಿ ಕಂಟ್ರಿಯ ಅಂಶ ಸಾಲದು ಎಂದು ತೆಗೆದುಹಾಕಿತು. ಜನ ಕೆರಳಿದರು. ಕಂಟ್ರಿ ಹಾಡುಗಾರ ಬಿಲ್ಲಿ ರೇ ಸೈರಸ್ ಬಂದು ಅದೇ ಹಾಡಿಗೆ ದನಿಗೂಡಿಸಿದರು. ಹಾಡು 19 ವಾರ ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ, ಅಲ್ಲಿಯವರೆಗಿನ ದಾಖಲೆ ಮುರಿಯಿತು. 1923ರಲ್ಲಿ ಹೊಡೆದ ಕಪಾಟಿನ ಮೊಳೆ ಆ ದಿನವೂ ಕಿತ್ತು ಬರಲಿಲ್ಲ, ಆದರೆ ಅಲ್ಲಾಡಿತು. ಅಲ್ಲಾಡಿಸಿದ್ದು ಯಾರು? ರೇಡಿಯೋ ಕಚೇರಿಯನ್ನು ಕೇಳದೆ ತಮ್ಮ ಮೊಬೈಲಿನಲ್ಲಿ ತಾವೇ ಹಾಡು ಹುಡುಕಿಕೊಂಡ ಕೇಳುಗರು. 2003ರ ಕೇಳುಗರಿಗೆ ಆ ಅನುಕೂಲ ಇರಲಿಲ್ಲ. ಅದೇ ವ್ಯತ್ಯಾಸ.

ಇದರಿಂದ ನಮಗೇನು, ಅನ್ನುವಿರಾ? ನಾವು ಮಾಡುವ ಕೆಲಸವೂ ಹಳ್ಳಿಯ ಮಾತನ್ನು ಪೇಟೆಗೆ ಮುಟ್ಟಿಸುವುದೇ ಅಲ್ಲವೇ? ಸುದ್ದಿಮನೆಗೆ ಹಳ್ಳಿಯಿಂದ ಬೇಕಾದದ್ದು ಏನು ಎಂದು ನಮಗೆ ಗೊತ್ತಿದೆ. ಎರಡು ತಲೆಯ ಕರು, ಜಾತ್ರೆಯ ವಿಚಿತ್ರ ಹರಕೆ, ಇಲ್ಲವೇ ಸಾವು. ಅಂದರೆ ನಗು ಇಲ್ಲವೇ ಅಯ್ಯೋ ಪಾಪ. ಈ ಎರಡಕ್ಕೂ ಜಾಗ ತಟ್ಟನೆ ಸಿಗುತ್ತದೆ. ಹಳ್ಳಿಯವನು ಈ ಎರಡೂ ಅಲ್ಲದ, ಲೆಕ್ಕಾಚಾರ ಇರುವ, ತಪ್ಪು ಮಾಡುವ, ವಾದ ಮಾಡುವ ಮನುಷ್ಯನಾಗಿ ಬಂದರೆ 'ಇದರಲ್ಲಿ ಸುದ್ದಿ ಏನಿದೆ?' ಎಂಬ ಪ್ರಶ್ನೆ ಬರುತ್ತದೆ. ಒಂದೇ ಊರಿನ ಬಗ್ಗೆ ನಾವು ಬರೆಯುವ ಮೊದಲ ವರದಿ ಸುಲಭವಾಗಿ ಅಚ್ಚಾಗುತ್ತದೆ, ಅದರಲ್ಲಿ ಕೆಸರು ಇರುತ್ತದೆ. ಅದೇ ಊರಿಗೆ ಮತ್ತೆ ಹೋಗಿ ಬರೆದ ಎರಡನೇ ವರದಿಯಲ್ಲಿ ಮನುಷ್ಯರಿರುತ್ತಾರೆ, ಅದಕ್ಕೆ ಜಾಗ ಸಿಗುವುದೇ ಕಷ್ಟ. ಬಬ್ಬಾನ ಎರಡು ಆಲ್ಬಮ್ಮುಗಳ ನಡುವಿನ ದೂರ ಅಷ್ಟೇ.

ಹಾಗಾಗಿ ನನ್ನ ಮಾತು ಇಷ್ಟು. ಎರಡನೇ ಆಲ್ಬಮ್ಮಿನ ಬಗ್ಗೆ ಮೊದಲ ವಾರದಲ್ಲಿ ಬರುವ ಅಭಿಪ್ರಾಯವನ್ನು ತೀರ್ಪು ಅನ್ನಬೇಡಿ. ಮೊದಲ ವಾರದಲ್ಲಿ ಮಾತಾಡುವವರು ಮೊದಲನೇ ಆಲ್ಬಮ್ಮಿನ ಗಿರಾಕಿಗಳು. ತಮಗೆ ಸಿಕ್ಕ ರುಚಿ ಮತ್ತೆ ಸಿಗಲಿಲ್ಲ ಎಂದು ಹೇಳುತ್ತಾರೆ, ಹೇಳಲಿ. ಯಾರ ಬಗ್ಗೆ ಹಾಡಲಾಗಿದೆಯೋ ಅವರ ಅಭಿಪ್ರಾಯ ಎಲ್ಲಿ, ಅವರಿಗೆ ಇದು ಮುಟ್ಟಿತೇ ಎಂದು ಕೇಳುವುದು ನಮ್ಮಂಥವರ ಕೆಲಸ. ಪಟ್ಟಿ ನೋಡಿ ಗೆಲುವು ಸೋಲು ಬರೆಯಲು ಪತ್ರಕರ್ತ ಬೇಕಾಗಿಲ್ಲ.

'ಡಿಲಿವರೆನ್ಸ್' ಕೇಳುವುದಾದರೆ 'ಕಮಿನ್ ರೌಂಡ್'ನಿಂದ ಶುರು ಮಾಡಿ, ಆಮೇಲೆ 'ಜಿಮ್ಮಿ ಮ್ಯಾಥಿಸ್', 'ನೋವೇರ್', ಕೊನೆಗೆ ಶೀರ್ಷಿಕೆ ಹಾಡು. ಇಂಗ್ಲಿಷಿನ ಅರ್ಧ ಪದ ಹಿಡಿಯಲು ಆಗದಿದ್ದರೂ ಚಿಂತೆಯಿಲ್ಲ, ದಕ್ಷಿಣದ ಆ ರಾಗದ ಮಾತು ಅಲ್ಲಿನ ಪೇಟೆಯವರಿಗೂ ಪೂರ್ತಿ ಹಿಡಿಯುವುದಿಲ್ಲ. ಬ್ಯಾಂಜೋ ಬಂದಾಗ ನಗು ಬಂತೇ ಎಂದು ಮಾತ್ರ ನಿಮ್ಮನ್ನು ನೀವೇ ನೋಡಿಕೊಳ್ಳಿ. ನಗು ಬಂದರೆ ಅದು ಎಲ್ಲಿಂದ ಬಂತು ಎಂದು ಯೋಚಿಸಿ. ನಿಮಗೆ ಹೇಗೆ ಕೇಳಿಸಿತು ಎಂದು ಬರೆದು ತಿಳಿಸಿ, ವಾದ ಮಾಡೋಣ.